ಉಲ್ಲೇಖ ಪಟ್ಟಿಯ ಜಲಾಸಿ

ನಮಲಾಕ ಮೀನುಗಾರಿಕೆ ಕಾಲೇಜಿನಲ್ಲಿ ಫಾಲೆಸಿ ಕಾಯಿರಾಳ ಹುದ್ದೆ ಸಹಾಯಕ ಗ್ರಂಥಪಾಲಕಿಯದು. ಆದರೆ ಅವಳ ಮಾತಿಗಿದ್ದ ತೂಕ ಪ್ರಿನ್ಸಿಪಾಲರ ಮಾತಿಗೂ ಇರಲಿಲ್ಲ. ಅಲ್ಲಿನ ಮೇಷ್ಟ್ರುಗಳು ಬರೆದ ಯಾವ ಪ್ರಬಂಧ ಯಾವ ಜರ್ನಲ್ಲಿಗೆ ಹೊರಟರೂ ಅದರ ಕೊನೆಯ ನಾಲ್ಕೈದು ಪುಟ, ಅಂದರೆ ಯಾರ್ಯಾರ ಬರಹದಿಂದ ಏನೇನು ಎತ್ತಿಕೊಂಡೆವು ಎಂದು ಒಪ್ಪಿಕೊಳ್ಳುವ ಉಲ್ಲೇಖ ಪಟ್ಟಿ, ಅವಳ ಮೇಜಿನ ಮೇಲೆ ಒಂದು ವಾರ ಕೂತೇ ಹೋಗಬೇಕು. ಹಾಗೆಂದು ಯಾರೂ ಕಾನೂನು ಮಾಡಿರಲಿಲ್ಲ. ಕೂರದೆ ಹೋದ ಪ್ರಬಂಧಗಳು ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಬರುತ್ತಿದ್ದವು, ಅಷ್ಟೇ.

ಒಂದು ಜರ್ನಲ್ಲಿಗೆ ಇಸವಿ ಕಂಸದೊಳಗೆ ಬೇಕು, ಇನ್ನೊಂದಕ್ಕೆ ಕಂಸ ಕಂಡರಾಗದು. ಒಂದು ಲೇಖಕರ ಹೆಸರನ್ನೆಲ್ಲ ಬರೆಯಿರಿ ಎನ್ನುತ್ತದೆ, ಇನ್ನೊಂದು ಮೂವರಾದ ಮೇಲೆ ಮಿಕ್ಕವರನ್ನೆಲ್ಲ ‘ಇತರರು’ ಎಂಬ ಗೋಣಿಚೀಲಕ್ಕೆ ತುಂಬಿಬಿಡಿ ಎನ್ನುತ್ತದೆ. ಪುಸ್ತಕದ ಹೆಸರು ಓರೆ ಅಕ್ಷರದಲ್ಲಿದ್ದರೆ ಅದರ ಪಕ್ಕದ ಚುಕ್ಕಿಯೂ ಓರೆಯಾಗಿರಬೇಕೋ ನೆಟ್ಟಗಿರಬೇಕೋ ಎಂಬುದು ಗೊತ್ತಿದ್ದದ್ದು ಇಡೀ ಕಾಲೇಜಿಗೆ ಫಾಲೆಸಿ ಒಬ್ಬಳಿಗೇ. ಭಾನುವಾರ ಚರ್ಚಿನಲ್ಲಿ ಹಂಚುವ ಹಾಡಿನ ಹಾಳೆಯನ್ನೂ ಪೆನ್ಸಿಲ್ಲಿನಲ್ಲಿ ತಿದ್ದಿ ಪಾದ್ರಿಯ ಕೈಗೆ ವಾಪಸು ಕೊಡುವವಳು ಅವಳು. ಹುಡುಗರು ಬೆನ್ನ ಹಿಂದೆ ‘ಮಾಯಿ ಅಲ್ಪವಿರಾಮ’ ಎಂದು ಕರೆಯುತ್ತಿದ್ದರು. ಎದುರಿಗೆ ಎಲ್ಲರಿಗೂ ಮಾಯಿ ಕಾಯಿರಾ. ಆ ಕಡೆ ದೊಡ್ಡ ಹೆಂಗಸರನ್ನು ಮಾಯಿ, ತಾಯಿ, ಎಂದೇ ಕರೆಯುವುದು.

ಮಳೆಗಾಲ ಮುಗಿಯುತ್ತ ಬಂದ ಒಂದು ಸೋಮವಾರ ಪ್ರೊಫೆಸರ್ ಡೆಸ್ಟನ್ ಚಿಲೆಂಗಾ ಗ್ರಂಥಾಲಯಕ್ಕೆ ಬಂದರು. ಮನುಷ್ಯ ಬರುವುದಕ್ಕಿಂತ ಮುಂಚೆ ಅವರ ಕೆಮ್ಮು ಬರುತ್ತಿತ್ತು, ಬಾಗಿಲು ತೆಗೆದು ನಿಲ್ಲಿ ಎಂದು ಹೇಳಲಿಕ್ಕೆ. ಕಾಲೇಜಿನಲ್ಲಿ ಅವರೊಬ್ಬರೇ ಪ್ರೊಫೆಸರ್. ಅದನ್ನು ಅವರು ಮರೆತ ದಿನವಿಲ್ಲ, ಬೇರೆಯವರಿಗೆ ಮರೆಯಲು ಬಿಟ್ಟ ದಿನವೂ ಇಲ್ಲ.

“ಮಾಯಿ ಕಾಯಿರಾ, ಇದೊಂದು ಸ್ವಲ್ಪ ಅರ್ಜೆಂಟು. ನೈರೋಬಿಯ ಜರ್ನಲ್ಲು ಒಪ್ಪಿಕೊಂಡಿದೆ. ಸಣ್ಣಪುಟ್ಟ ತಿದ್ದುಪಡಿ ಕೇಳಿದ್ದಾರೆ, ಶುಕ್ರವಾರದೊಳಗೆ ಕಳಿಸ್ಬೇಕು.”

ಪ್ರಬಂಧ ಉಸಿಪಾ ಮೀನಿನ ಮೇಲೆ. ಬೆರಳುದ್ದದ ಬೆಳ್ಳಿ ಬಣ್ಣದ ಈ ಮೀನು ಸರೋವರದಲ್ಲಿ ರಾಶಿ ರಾಶಿ ಸಿಗುತ್ತದೆ. ದಡದ ಹೆಂಗಸರು ಬೊಂಬಿನ ತಟ್ಟಿಯ ಮೇಲೆ ಒಣಗಿಸಿ ಮಾರುತ್ತಾರೆ. ಒಣಗುವಾಗ ಕೆಲವು ಮೀನಿನ ಹೊಟ್ಟೆ ಒಡೆದು ಹಾಳಾಗುತ್ತವೆ, ಕೆಲವು ಹಾಗೇ ಇಡಿಯಾಗಿ ಉಳಿಯುತ್ತವೆ. ಯಾಕೆ ಎಂಬುದನ್ನು ಪ್ರೊಫೆಸರ್ ಕಂಡುಹಿಡಿದಿದ್ದರು.

ಫಾಲೆಸಿ ಕೊನೆಯ ಪುಟಗಳನ್ನು ತಿರುಗಿಸಿದಳು. “ಅರವತ್ತಮೂರು ಉಲ್ಲೇಖ ಇದೆ. ಜರ್ನಲ್ಲಿನವರು ನಲವತ್ತಕ್ಕಿಂತ ಹೆಚ್ಚು ಬೇಡ ಅಂತಾರೆ.”

“ತೆಗೀರಿ ಹಾಗಾದ್ರೆ. ಯಾವುದು ಬೇಡವೋ ಅದನ್ನ ತೆಗೀರಿ.”

“ಇಪ್ಪತ್ತಾರು ನಿಮ್ಮದೇ ಇದೆ, ಪ್ರೊಫೆಸರ್.”

“ಅವನ್ನ ಬಿಟ್ಟು.”

“ಕಪ್ಪೆ ಮೇಲಿಂದು ಒಂದಿದೆ. ಇದು ಮೀನಿನ ಪ್ರಬಂಧ.”

“ಕಪ್ಪೆ ನೀರಲ್ಲಿ ಇರೋದಿಲ್ವೇನ್ರೀ?”

ಫಾಲೆಸಿ ಪೆನ್ಸಿಲ್ಲು ತೆಗೆದು ಕಪ್ಪೆಯ ಮೇಲೆ ಒಂದು ಗೀಟು ಎಳೆದಳು. ಪ್ರೊಫೆಸರರ ಮುಖ ಹಲ್ಲು ಕೀಳಿಸಿಕೊಂಡವರ ಹಾಗಾಯಿತು. ಒಂದು ಗಂಟೆಯ ಹೊತ್ತಿಗೆ ಇಪ್ಪತ್ತಾರರಲ್ಲಿ ಹದಿನಾಲ್ಕು ಹೋಗಿದ್ದವು. ಒಂದೊಂದಕ್ಕೂ ಅವರು ಸಣ್ಣದೊಂದು ಶೋಕಭಾಷಣ ಮಾಡಿದ್ದರು.

“ಇಲ್ಲೊಂದಿದೆ ನೋಡಿ,” ಎಂದಳು ಫಾಲೆಸಿ. ಪರಿಶೀಲಕರ ಟಿಪ್ಪಣಿ ಅವಳ ಕೈಯಲ್ಲಿತ್ತು. “ಆರನೇ ಪುಟ. ‘ಹೊಟ್ಟೆ ತುಂಬಿದ ಮೀನು ಒಣಗುವಾಗ ಒಡೆಯುತ್ತದೆ, ಹಸಿದ ಮೀನು ಒಡೆಯುವುದಿಲ್ಲ ಎಂಬುದು ತಿಳಿದ ವಿಷಯ’ ಅಂತ ಬರೆದಿದ್ದೀರಿ. ಯಾರಿಗೆ ತಿಳಿದ ವಿಷಯ, ಎಲ್ಲಿ ಬರೆದಿದೆ, ಆಧಾರ ಕೊಡಿ ಅಂತಿದ್ದಾರೆ.”

“ಏನಾದ್ರೂ ಒಂದು ಹಾಕಿ.”

“ಏನಾದ್ರೂ ಅಂದ್ರೆ? ಇದನ್ನ ಮೊದಲು ಹೇಳಿದ್ದು ಯಾರು?”

ಪ್ರೊಫೆಸರ್ ಕಿಟಕಿಯಾಚೆ ನೋಡಿದರು. “ಚಿಸುಂಬಾ ದಡದಲ್ಲಿ ಒಬ್ಬಳು ಮುದುಕಿ. ಮೀನು ಒಣಗಿಸ್ತಾಳೆ. ನಾನು ಸ್ಯಾಂಪಲ್ ತಗೊಳ್ಳೋಕೆ ಹೋದಾಗ ಸುಮ್ನೆ ಹೇಳ್ತಾ ಇದ್ಲು.”

“ಹಾಗಾದ್ರೆ ಅವಳ ಹೆಸರು ಹಾಕಿದ್ರಾಯ್ತು.”

“ದಡದ ಮುದುಕೀನ ಜರ್ನಲ್ಲಿಗೆ ಹಾಕೋಕಾಗುತ್ತಾ, ಮಾಯಿ? ನಾಳೆ ನಾಡಿದ್ದು ಬಲೇನೂ ಹಾಕಿ ಅಂತೀರಿ.” ಅವರು ಜರ್ನಲ್ಲಿನ ನಿಯಮದ ಹಾಳೆಯನ್ನು ಬೆರಳಿನಿಂದ ತಟ್ಟಿದರು. “ನಿಯಮಾನೇ ಇದೆಯಲ್ಲ. ಬಾಯಿಮಾತು ಆಧಾರ ಅಲ್ಲ. ಬರಹ ರೂಪದಲ್ಲಿರಬೇಕು, ಸಾರ್ವಜನಿಕರಿಗೆ ಗ್ರಂಥಾಲಯದಲ್ಲಿ ಸಿಗುವಂತಿರಬೇಕು. ನೀವೇ ಏನಾದ್ರೂ ಹುಡುಕಿ. ನಾನು ಲಿಲೋಂಗ್ವೆಗೆ ಮೀಟಿಂಗಿಗೆ ಹೊರಟೆ. ಶುಕ್ರವಾರ ಬಂದು ಸಹಿ ಹಾಕ್ತೀನಿ.”

ಕೆಮ್ಮು ಹೊರಗೆ ಹೋಯಿತು. ಫಾಲೆಸಿ ಎರಡು ದಿನ ಹುಡುಕಿದಳು. ಕಾಲೇಜಿನ ಕಪಾಟು, ಬೇರೆ ಕಾಲೇಜುಗಳ ಪಟ್ಟಿ, ಕಂಪ್ಯೂಟರಿನಲ್ಲಿ ಸಿಗುವುದೆಲ್ಲ. ಮೀನಿನ ಕರುಳು, ಮೀನಿನ ಕಿವಿರು, ಮೀನಿನ ಮನಸ್ಸಿನ ಮೇಲೂ ಜನ ಬರೆದಿದ್ದರು. ಉಸಿಪಾದ ಹಸಿದ ಹೊಟ್ಟೆಯ ಬಗ್ಗೆ ಒಂದು ಸಾಲಿಲ್ಲ. ಬುಧವಾರ ಮಧ್ಯಾಹ್ನ ಅವಳು ನಿಯಮದ ಹಾಳೆಯನ್ನು ಇನ್ನೊಮ್ಮೆ ಓದಿದಳು. ಬರಹ ರೂಪದಲ್ಲಿರಬೇಕು. ಗ್ರಂಥಾಲಯದಲ್ಲಿ ಸಿಗುವಂತಿರಬೇಕು. ಅವಳು ತಲೆಯೆತ್ತಿ ತನ್ನ ಸುತ್ತ ಇದ್ದ ಕಪಾಟುಗಳನ್ನು ನೋಡಿದಳು. ಬರೆದವರು ಡಾಕ್ಟರಾಗಿರಬೇಕು ಎಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಗಂಡಸಾಗಿರಬೇಕು ಎಂದೂ ಇರಲಿಲ್ಲ. ಯಾವಾಗ ಬರೆದಿರಬೇಕು ಎಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ರಜೆ ಚೀಟಿ ಬರೆದಿಟ್ಟು ಚಿಸುಂಬಾಗೆ ಹೋಗುವ ಮಿನಿಬಸ್ಸು ಹತ್ತಿದಳು.

ಮುದುಕಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೀನಿನ ಹೊಟ್ಟೆ ವಿಚಾರ ಗೊತ್ತಿರುವವರು ಯಾರು ಎಂದು ಕೇಳಿದ್ದಕ್ಕೆ ದಡದಲ್ಲಿದ್ದ ಅಷ್ಟೂ ಜನ ಒಂದೇ ಕಡೆ ಕೈ ತೋರಿಸಿದರು. ಉದ್ದದ ತಟ್ಟಿಯ ಪಕ್ಕದಲ್ಲಿ, ಹಸಿರು ಚಿತೆಂಜೆ ಬಟ್ಟೆಯನ್ನು ಎದೆಗೆ ಸುತ್ತಿಕೊಂಡು, ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು, ಇನ್ನೊಂದು ಕೈಯಲ್ಲಿ ಮೀನು ಹರಡುತ್ತಿದ್ದವಳು ಅಬಿಟಿ ಜಲಾಸಿ.

ಫಾಲೆಸಿ ಬಗ್ಗಿ ನಮಸ್ಕರಿಸಿ, ಅಜ್ಜಿಯರನ್ನು ಕರೆಯುವ ಹಾಗೆ ಕರೆದಳು. “ಅಗೋಗೊ, ನಾನು ಕಾಲೇಜಿನಿಂದ ಬಂದಿದ್ದೀನಿ.”

“ಇನ್ನೊಬ್ಬಳಾ?” ಮುದುಕಿ ತಲೆಯೆತ್ತಲಿಲ್ಲ. “ಹೋದ ಸಲ ಒಬ್ಬ ದಪ್ಪಗಿನವನು ಬಂದಿದ್ದ. ಕೆಮ್ತಾ ಇದ್ದ. ಮೀನಿನ ಹೊಟ್ಟೆ ಒತ್ತಿ ನೋಡಪ್ಪಾ ಅಂದ್ರೆ ಬಾಲ ಒತ್ತಿದ. ಅವನಿಗೆ ಅಲ್ಲಿ ಸಂಬಳ ಕೊಡ್ತಾರಾ?”

“ಕೊಡ್ತಾರೆ, ಅಗೋಗೊ. ನನಗಿಂತ ಜಾಸ್ತಿ ಕೊಡ್ತಾರೆ.”

ಮುದುಕಿ ಈಗ ತಲೆಯೆತ್ತಿ ನೋಡಿದಳು. ನಕ್ಕಳು. ಮುಂದಿನ ಎರಡು ಹಲ್ಲಿರಲಿಲ್ಲ. “ಕೂತ್ಕೋ ಮಗಳೇ. ಆ ಕೋಲು ಹಿಡ್ಕೋ. ಕಾಗೆ ಬಂದ್ರೆ ಹೊಡಿ, ಬೆಳ್ಳಕ್ಕಿ ಬಂದ್ರೂ ಹೊಡಿ. ಆಮೇಲೆ ಮಾತು.”

ಹೀಗೆ ಫಾಲೆಸಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪೆನ್ನು ಹಿಡಿದು ಕೂತಳು. ಮುದುಕಿ ಹೇಳಿದಳು. ದೋಣಿಯವರು ದೀಪ ಹಚ್ಚಿ ಮೀನು ಕರೆಯುತ್ತಾರೆ. ಮೊದಲು ಎಳೆದ ಬಲೆಯ ಮೀನು ಹಸಿದು ಬಂದದ್ದು. ಕೊನೆಯ ಬಲೆಯದು ಬೆಳಕಿನ ಕೆಳಗೆ ಕೂತು ಮದುವೆಮನೆ ಉಂಡ ಹಾಗೆ ಉಂಡದ್ದು. ಉಂಡದ್ದನ್ನು ಬಿಸಿಲಿಗೆ ಹಾಕಿದರೆ ಅದರ ಊಟ ಅದನ್ನೇ ತಿನ್ನುತ್ತದೆ, ಹೊಟ್ಟೆ ಒಡೆಯುತ್ತದೆ, ನೊಣ ಬರುತ್ತದೆ. ಹೆಬ್ಬೆಟ್ಟಿನಲ್ಲಿ ಹೊಟ್ಟೆ ಒತ್ತಿದಾಗ ಜಾರಿದರೆ ಹಸಿದದ್ದು. ಮರಳು ಸಿಕ್ಕ ಹಾಗಾದರೆ ಉಂಡದ್ದು. ಹಸಿದದ್ದು ಮೇಲಿನ ತಟ್ಟಿಗೆ. ಉಂಡದ್ದನ್ನು ಆವತ್ತೇ ಸಾರು ಮಾಡಬೇಕು, ಇಲ್ಲವೇ ಹೊಗೆಗೆ ಹಾಕಬೇಕು. ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ಈ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದಕ್ಕೇ ಅವಳು ಅರ್ಧ ಗಂಟೆ ತೆಗೆದುಕೊಂಡಳು. ಪ್ರೊಫೆಸರರ ಪ್ರಬಂಧದಲ್ಲಿ ಹುಣ್ಣಿಮೆಯ ಮಾತೇ ಇರಲಿಲ್ಲ.

“ಇನ್ನೊಂದು ಬರ್ಕೋ,” ಎಂದಳು. “ಆ ಸುಮಾಯಿಲಿ ಹೆಂಡ್ತಿ ಇದ್ದಾಳಲ್ಲ, ಆಚೆ ತಟ್ಟಿಯವಳು, ಉಪ್ಪು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ ಅಂತಾಳೆ. ಅದು ಸುಳ್ಳು ಅಂತ ಬರಿ. ಹೆಸರು ಹಾಕೇ ಬರಿ.”

ಫಾಲೆಸಿಗೆ ನಗು ತಡೆಯಲಾಗಲಿಲ್ಲ. ಹದಿನೆಂಟು ವರ್ಷದಿಂದ ಅವಳು ವಿದ್ವಾಂಸರ ನಡುವೆ ಇದ್ದವಳು. ತಾನು ಹೇಳಿದ್ದು ಸರಿ ಎನ್ನುವುದಕ್ಕಿಂತ ಪಕ್ಕದವರು ಹೇಳಿದ್ದು ತಪ್ಪು ಎನ್ನುವಾಗ ಅವರ ಕಣ್ಣು ಹೊಳೆಯುವುದನ್ನು ಕಂಡಿದ್ದಳು. ಅದೇ ಹೊಳಪು ಇಲ್ಲಿಯೂ ಇತ್ತು. “ಬರೀತೀನಿ ಅಗೋಗೊ. ಆದ್ರೆ ಸ್ವಲ್ಪ ಮೆತ್ತಗೆ ಬರೀತೀನಿ. ‘ಸುಮಾಯಿಲಿಯವರ ಪತ್ನಿಯ ಅಭಿಪ್ರಾಯವನ್ನು ಒಪ್ಪುವುದು ಕಷ್ಟ’ ಅಂತ.”

“ಕಷ್ಟ ಏನು ಬಂತು? ಸುಳ್ಳು ಅಂದ್ರೆ ಸುಳ್ಳು.”

“ನಮ್ಮಲ್ಲಿ ಸುಳ್ಳಿಗೆ ಹಾಗೇ ಹೇಳೋದು.”

ಮುದುಕಿ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದಳು. ಆಮೇಲೆ ಗಂಭೀರವಾಗಿ, “ಮತ್ತೆ, ಇದೆಲ್ಲ ನಾನೇ ಕಂಡುಹಿಡಿದೆ ಅಂತ ಬರೀಬೇಡ. ಹೊಟ್ಟೆ ಒತ್ತಿ ನೋಡೋದು ಕಲಿಸಿದ್ದು ನನ್ನ ಚಿಕ್ಕಮ್ಮ ಅಬಿಟಿ ಬಕಾಲಿ. ಹುಣ್ಣಿಮೆಯದು ಮಾತ್ರ ನಂದು. ಅವಳದು ಅವಳದು, ನಂದು ನಂದು. ಸತ್ತವರ ಮಾತನ್ನ ನಮ್ಮದು ಅಂತ ಹೇಳ್ಕೊಂಡ್ರೆ ಬಾಯಿಗೆ ಹುಳ ಬೀಳುತ್ತೆ,” ಎಂದಳು.

ಫಾಲೆಸಿಯ ಪೆನ್ನು ನಿಂತಿತು. ಯಾರೂ ಕೇಳದೆ ತಾನಾಗಿಯೇ ಇನ್ನೊಬ್ಬರ ಹೆಸರು ಹೇಳಿದ ಲೇಖಕರನ್ನು ಅವಳು ನೋಡಿದ್ದೇ ಕಡಿಮೆ. ಕಾಗೆಯೊಂದು ಬಂದು ಮೀನೆತ್ತಿಕೊಂಡು ಹೋದದ್ದೂ ತಿಳಿಯಲಿಲ್ಲ. ಅದಕ್ಕೆ ಬೈಸಿಕೊಂಡಳು.

ಕೊನೆಗೆ ಹೆಸರಿನ ಪ್ರಶ್ನೆ ಬಂತು. “ಅಬಿಟಿ ಜಲಾಸಿ ಅಂದ್ರೆ ಜಲಾಸಿಯ ಮಗಳು ಅಂತ ತಾನೆ? ನಿಮ್ಮ ಸ್ವಂತ ಹೆಸರೇನು, ಅಗೋಗೊ?”

“ಅಸಿಯಾತು. ಕರೆಯೋರು ಯಾರೂ ಉಳಿದಿಲ್ಲ.”

“ನಮ್ಮ ಪಟ್ಟಿಯಲ್ಲಿ ಅಪ್ಪನ ಹೆಸರು ಮುಂದೆ ಬರುತ್ತೆ. ನಿಮ್ಮದು ಇಂಗ್ಲಿಷಿನ ಒಂದೇ ಅಕ್ಷರ. ಜಲಾಸಿ, ಎ. ಅಂತ.”

ಮುದುಕಿ ಕೈಯಲ್ಲಿದ್ದ ಮೀನು ಬಿಟ್ಟಳು. “ನಮ್ಮಪ್ಪನಿಗಾ ಹೆಸರು? ಅವನು ದರ್ಜಿ, ಮಗಳೇ! ನೀರು ಕಂಡ್ರೆ ಹೆದರಿ ಸಾಯ್ತಿದ್ದ. ಜೀವಮಾನದಲ್ಲಿ ದೋಣಿ ಹತ್ತಲಿಲ್ಲ. ಮೀನಿನ ವಾಸನೆಗೆ ಮೂಗಿಗೆ ಬಟ್ಟೆ ಕಟ್ಕೋತಿದ್ದ!” ಅವಳು ಎಷ್ಟು ನಕ್ಕಳೆಂದರೆ ಆಚೆ ತಟ್ಟಿಯವರು ಎದ್ದುನಿಂತು ನೋಡಿದರು. “ಹಾಕು ಹಾಕು. ಅವನಿಗೂ ಒಂದು ದಿನ ಬರಲಿ.”

ಮದರಸಾದಲ್ಲಿ ಕಲಿತ ಅರಬ್ಬಿ ಅಕ್ಷರದಲ್ಲಿ ಅವಳು ಹಾಳೆಯ ಕೆಳಗೆ ನಿಧಾನವಾಗಿ ಸಹಿ ಮಾಡಿದಳು. ಫಾಲೆಸಿ ಸಂಜೆಯ ಹೊತ್ತಿಗೆ ಕಾಲೇಜಿಗೆ ವಾಪಸು ಬಂದು, ಹೇಳಿದ್ದನ್ನು ಹೇಳಿದ ಹಾಗೆ ಆ ಕಡೆಯ ಚಿಚೆವಾ ಭಾಷೆಯಲ್ಲಿಯೇ ಟೈಪು ಮಾಡಿ, ಹನ್ನೆರಡು ಪುಟದ ಪುಸ್ತಿಕೆಯ ಮೂರು ಪ್ರತಿ ತೆಗೆದಳು. ಹೆಸರು ‘ಉಂಡ ಮೀನು ಮತ್ತು ಹಸಿದ ಮೀನು’. ಪ್ರಕಾಶಕರು ಮುದುಕಿಯೂ ಸದಸ್ಯೆಯಾಗಿದ್ದ ಚಿಸುಂಬಾ ಮೀನು ಒಣಗಿಸುವ ಹೆಂಗಸರ ಸಂಘ. ಕೊನೆಯ ಪುಟದಲ್ಲಿ, ಅಬಿಟಿ ಬಕಾಲಿ ಕಲಿಸಿದ್ದೆಷ್ಟು, ಅಸಿಯಾತು ಕಂಡುಕೊಂಡದ್ದೆಷ್ಟು ಎಂದು ಸ್ಪಷ್ಟವಾಗಿ ಬರೆದಳು. ಠಸ್ಸೆ ಹೊಡೆದಳು, ನಂಬರು ಕೊಟ್ಟಳು, ಕಪಾಟಿನಲ್ಲಿ ನಿಲ್ಲಿಸಿದಳು. ಯಾವ ಸುಳ್ಳನ್ನೂ ಅವಳು ಹೇಳಿರಲಿಲ್ಲ. ಒಂದೇ ಒಂದು ಚುಕ್ಕಿಯೂ ಆಚೀಚೆ ಆಗಿರಲಿಲ್ಲ.

ಶುಕ್ರವಾರ ಪ್ರೊಫೆಸರರಿಗೆ ಎಲ್ಲವನ್ನೂ ಹೇಳಬೇಕು ಎಂದೇ ಅವಳು ಕೂತಿದ್ದಳು. ದೇವರಾಣೆಗೂ ಹಾಗೇ ಅಂದುಕೊಂಡಿದ್ದಳು. ಪ್ರೊಫೆಸರ್ ಪಟ್ಟಿಯ ಮೇಲೆ ಬೆರಳು ಓಡಿಸುತ್ತ ಬಂದು ಒಂದು ಕಡೆ ನಿಂತರು.

“ಜಲಾಸಿ. ಹ್ಞೂಂ. ಜಲಾಸಿ, ಎ.”

“ಅದನ್ನೇ ನಿಮಗೆ ಹೇಳ್ಬೇಕು ಅಂತಿದ್ದೆ, ಪ್ರೊಫೆಸರ್. ಈ ಜಲಾಸಿ ಯಾರು ಅಂದ್ರೆ...”

“ನನಗೆ ಹೇಳ್ತೀರಾ?” ಪ್ರೊಫೆಸರ್ ಕನ್ನಡಕದ ಮೇಲಿಂದ ನೋಡಿದರು. “ಜಲಾಸಿ ನನಗೆ ಚೆನ್ನಾಗಿ ಗೊತ್ತು. ಹರಾರೆಯ ಸಮ್ಮೇಳನದಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡಿದ್ದೀವಿ. ಒಳ್ಳೇ ಕೆಲಸ ಮಾಡಿದ್ದಾನೆ. ಇದು ನನಗೆ ಯಾಕೆ ಹೊಳೀಲಿಲ್ಲ!”

ಫಾಲೆಸಿಗೆ ಒಳಗಿನಿಂದ ನಗೆಯೊಂದು ಮೀನಿನ ಹಾಗೆ ಚಿಮ್ಮಿತು. ಅದನ್ನು ಹಿಡಿದಿಟ್ಟುಕೊಂಡು, “ಹೌದಾ ಪ್ರೊಫೆಸರ್? ಹಾಗಾದ್ರೆ ಸರಿಯಾಯ್ತು. ಇಲ್ಲಿ ಸಹಿ ಹಾಕಿ,” ಎಂದಳು.

ಪ್ರಬಂಧ ಅಚ್ಚಾಯಿತು. ಮೂರು ತಿಂಗಳಿಗೆ ಮೊದಲ ಪತ್ರ ಬಂತು, ಟಾಂಗನೀಕಾ ಸರೋವರದ ದಡದ ಕಿಗೋಮಾದಿಂದ: ಜಲಾಸಿಯವರ ಬರಹದ ಪ್ರತಿ ಕಳಿಸಿಕೊಡುವಿರಾ? ಆಮೇಲೆ ಮ್ವಾಂಜಾದಿಂದ, ಜಾಂಬಿಯಾದ ಸಿಯವೋಂಗಾದಿಂದ. ಅಲ್ಲೆಲ್ಲ ಬೇರೆ ಬೇರೆ ಹೆಸರಿನ ಸಣ್ಣ ಮೀನು, ಅದೇ ಒಡೆಯುವ ಹೊಟ್ಟೆ. ಫಾಲೆಸಿ ಇಂಗ್ಲಿಷಿಗೆ ಅನುವಾದ ಮಾಡಿ, ಮೂಲದ ಜೊತೆಗೆ ಹನ್ನೊಂದು ಕಡೆಗೆ ಕಳಿಸಿದಳು. ವರ್ಷದೊಳಗೆ ಒಂಬತ್ತು ಪ್ರಬಂಧಗಳ ಕೊನೆಯಲ್ಲಿ ಜಲಾಸಿ, ಎ. ಕಾಣಿಸಿಕೊಂಡರು. ಹುಣ್ಣಿಮೆಯ ಲೆಕ್ಕವೇ ಎಲ್ಲರಿಗೂ ಹಿಡಿಸಿದ್ದು. ಅವುಗಳಲ್ಲಿ ಚಿಲೆಂಗಾ, ಡಿ. ಇದ್ದದ್ದು ಎರಡರಲ್ಲಿ.

ಪ್ರೊಫೆಸರರಿಗೆ ಇದು ಗೊತ್ತಾಗದೆ ಇರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಅವರಿಗೆ ಹೊಸತೂ ಅಲ್ಲ. ಕ್ಲಾಸಿನಲ್ಲಿ ‘ನನ್ನ ಗೆಳೆಯ ಜಲಾಸಿ’ ಶುರುವಾಯಿತು. ಚಹಾದ ಹೊತ್ತಿಗೆ ಎಣ್ಣೆಯಲ್ಲಿ ಕರಿದ ಮಂದಾಸಿ ಮುರಿಯುತ್ತ ಜಲಾಸಿಯ ಕಥೆ ಹೇಳುತ್ತಿದ್ದರು. ಫಾಲೆಸಿ ಚಹಾ ಲೋಟ ಹಿಡಿದು ಮೆಲ್ಲಗೆ ಹತ್ತಿರ ಬಂದು ನಿಲ್ಲುವಳು.

“ಜಲಾಸಿಯವರು ನೋಡೋಕೆ ಹೇಗಿದ್ದಾರೆ, ಪ್ರೊಫೆಸರ್?”

“ಎತ್ತರ. ತೆಳ್ಳಗೆ.”

“ಕನ್ನಡಕ ಹಾಕ್ತಾರಾ?”

“ದಪ್ಪ ಗಾಜಿಂದು. ಓದಿ ಓದಿ ಕಣ್ಣು ಹೋಗಿದೆ ಪಾಪ.”

“ಸಿಟ್ಟು ಜಾಸ್ತಿಯಂತೆ?”

“ಅಯ್ಯೋ, ಕೇಳ್ಬೇಡಿ! ನಾನಲ್ಲದೆ ಬೇರೆ ಯಾರ ಜೊತೆಗೂ ಮಾತಾಡಲ್ಲ.”

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಗಂಡನಿಗೆ ಹೇಳಿ ನಗಿಸುತ್ತಿದ್ದಳು. ಒಂದು ದಿನ ಅವನು ಮೆಕ್ಕೆಜೋಳದ ನ್ಸಿಮಾ ಉಂಡೆ ಕೈಯಲ್ಲೇ ಹಿಡಿದು, “ಫಾಲೆಸಿ, ಅವನು ಗುಂಡಿ ತೋಡ್ತಿದ್ದಾನೆ ಸರಿ. ನೀನು ಗುದ್ದಲಿ ಯಾಕೆ ಕೊಡ್ತಿದ್ದೀಯ?” ಎಂದ. ಅವಳಿಗೆ ಒಂದು ಗಳಿಗೆ ಚುಚ್ಚಿತು. ಆದರೆ ಮರುದಿನ ಪ್ರೊಫೆಸರ್ ‘ಜಲಾಸಿಗೆ ಆ ಹುಣ್ಣಿಮೆ ವಿಚಾರ ಸೂಚಿಸಿದ್ದೇ ನಾನು’ ಎಂದದ್ದು ಕಿವಿಗೆ ಬಿದ್ದಾಗ, ಚುಚ್ಚಿದ್ದು ಮಾಯವಾಯಿತು.

ಆ ಗುಂಡಿಗೆ ಪ್ರೊಫೆಸರ್ ಬಿದ್ದದ್ದು ಕಿಸುಮುವಿನಿಂದ ಬಂದ ಪತ್ರದಿಂದ. ಸರೋವರಗಳ ಸಣ್ಣ ಮೀನುಗಳ ಮೇಲೆ ದೊಡ್ಡದೊಂದು ಸಭೆ, ಈ ಸಲ ಮಂಗೋಚಿ ಹತ್ತಿರದ ದಡದ ಹೋಟೆಲಿನಲ್ಲಿ. ಏರ್ಪಾಡು ಮಾಡುತ್ತಿದ್ದವರು ಡಾಕ್ಟರ್ ನಸಿಮಿಯು ಎಂಬ ಕೆನ್ಯಾದ ಹೆಂಗಸು. ಅವರು ಪ್ರೊಫೆಸರರಿಗೆ ಬರೆದಿದ್ದರು: ಹೋದ ವರ್ಷ ನೀವು ಇಲ್ಲಿಗೆ ಬಂದಾಗ ಜಲಾಸಿ ನಿಮ್ಮ ಆಪ್ತ ಗೆಳೆಯರು ಎಂದಿರಿ. ಮೊದಲ ಭಾಷಣ ಅವರದೇ ಆಗಬೇಕೆಂದು ನಮ್ಮೆಲ್ಲರ ಆಸೆ. ದಯವಿಟ್ಟು ಅವರನ್ನು ಕರೆತರುವ ಹೊಣೆ ನಿಮ್ಮದು.

ಆ ಮಧ್ಯಾಹ್ನ ಕೆಮ್ಮಿಲ್ಲದೆ ಪ್ರೊಫೆಸರ್ ಗ್ರಂಥಾಲಯಕ್ಕೆ ಬಂದರು. ಹಾಗೆ ಬಂದದ್ದು ಅದೇ ಮೊದಲು.

“ಮಾಯಿ ಕಾಯಿರಾ, ಈ ಜಲಾಸಿಯ ವಿಳಾಸ... ನನ್ನ ಹತ್ತಿರ ಇತ್ತು. ಎಲ್ಲೋ ಇಟ್ಟಿದ್ದೀನಿ.”

“ಒಂದೇ ಮೇಜಿನಲ್ಲಿ ಊಟ ಮಾಡಿದವರು ನೀವು.”

“ಅವನಿಗೆ ಹುಷಾರಿಲ್ಲ ಅಂತ ಬರೆದುಬಿಡಲಾ ಅಂತ.”

“ಹುಷಾರಾಗಿದ್ದಾರೆ. ಹೋದ ವಾರ ಸಂತೇಲಿ ಸಿಕ್ಕಿದ್ರು.”

ಪ್ರೊಫೆಸರರ ಮುಖದಲ್ಲಿ ಒಂದರ ಹಿಂದೊಂದು ಬಣ್ಣ ಬಂದುಹೋದವು. ಕುರ್ಚಿ ಎಳೆದುಕೊಂಡು ಕೂತರು. “ನಿಜ ಹೇಳ್ಬೇಕು ಅಂದ್ರೆ,” ಎಂದು ಶುರುಮಾಡಿ, ಅಭ್ಯಾಸವಿಲ್ಲದ ದಾರಿಯಾದ್ದರಿಂದ ಅಲ್ಲೇ ನಿಂತರು.

ಫಾಲೆಸಿ ಎದ್ದು ಹೋಗಿ ಪುಸ್ತಿಕೆ ತಂದು ಅವರ ಮುಂದೆ ಇಟ್ಟಳು. ವರ್ಷವಿಡೀ ಹೊಗಳಿದ ಬರಹವನ್ನು ಅವರು ಆಗ ಮೊದಲ ಸಲ ಕಂಡರು. ಓದತೊಡಗಿದರು. ಫಾಲೆಸಿ ಕಾರ್ಡುಗಳನ್ನು ಜೋಡಿಸುವ ನಾಟಕ ಮಾಡುತ್ತ ಅವರ ಕಿವಿಯನ್ನೇ ನೋಡುತ್ತಿದ್ದಳು. ಅಸಿಯಾತು, ಜಲಾಸಿಯ ಮಗಳು, ಚಿಸುಂಬಾ ದಡ ಎಂಬಲ್ಲಿ ಕಿವಿ ಕೆಂಪಾಯಿತು. ಒಂಬತ್ತನೆಯ ಪುಟಕ್ಕೆ ಬಂದಾಗ ಅವರು ನಿಂತರು. ಅಲ್ಲಿ ಹೀಗಿತ್ತು: ‘ಹೋದ ಸಲ ಕಾಲೇಜಿನಿಂದ ಒಬ್ಬ ದಪ್ಪಗಿನವನು ಬಂದ. ಹೊಟ್ಟೆ ಒತ್ತು ಎಂದರೆ ಬಾಲ ಒತ್ತಿದ. ಓದಿದವರು ಬಂದರೆ ಮೊದಲು ಮೀನಿನ ಯಾವ ಕಡೆ ಯಾವುದು ಎಂದು ತೋರಿಸಿ ಆಮೇಲೆ ಮಿಕ್ಕದ್ದು ಹೇಳಬೇಕು.’

“ಈ ಪುಟಾನೂ,” ಪ್ರೊಫೆಸರ್ ಅದರ ಮೇಲೆ ಬೆರಳಿಟ್ಟರು, “ಈ ಪುಟಾನೂ ಕಳಿಸಿದ್ದೀರಾ?”

“ಹನ್ನೊಂದು ಕಡೆಗೆ. ಪುಟ ಹರಿದು ಕಳಿಸೋದು ನಮ್ಮ ಪದ್ಧತಿಯಲ್ಲ.”

“ಇಂಗ್ಲಿಷಲ್ಲೂ?”

“ಇಂಗ್ಲಿಷಲ್ಲೂ. ಹೆಸರೇನೂ ಹಾಕಿಲ್ಲ, ಪ್ರೊಫೆಸರ್. ಬರೀ ದಪ್ಪಗಿನವನು ಅಂತಿದೆ.”

ಹೊರಗೆ ಯಾರೋ ಗಂಟೆ ಬಾರಿಸಿದರು. ಪ್ರೊಫೆಸರ್ ಪುಸ್ತಿಕೆ ಮುಚ್ಚಿದರು. ಈಗ ನನ್ನ ಕೆಲಸ ಹೋಯಿತು ಎಂದು ಫಾಲೆಸಿ ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ಆದರೆ ಅವರು ಬೈಯಲಿಲ್ಲ. ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅಷ್ಟೇನೂ ದಪ್ಪ ಇಲ್ಲ,” ಎಂದರು. ಪುಸ್ತಿಕೆಯನ್ನು ಮತ್ತೆ ತೆರೆದು, “ಹುಣ್ಣಿಮೆಯದು ನಿಜವಾಗ್ಲೂ ಚೆನ್ನಾಗಿದೆ,” ಎಂದರು.

ಸಭೆಯ ದಿನ ಕಾಲೇಜಿನ ಜೀಪು ಚಿಸುಂಬಾಗೆ ಹೋಯಿತು. ಅಬಿಟಿ ಜಲಾಸಿ ಹೊಸ ಚಿತೆಂಜೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿ, ತೊಡೆಯ ಮೇಲೆ ಒಂದು ಬೇಸನ್ನು ಹಸಿ ಉಸಿಪಾ ಇಟ್ಟುಕೊಂಡು ಬಂದಳು. ಹೋಟೆಲಿನವರು ಮೀನು ಒಳಗೆ ತರುವ ಹಾಗಿಲ್ಲ ಎಂದರು. ಮೀನಿನ ಸಭೆಗೆ ಮೀನು ಬೇಡವಾದರೆ ತಾನೂ ಬರುವುದಿಲ್ಲ ಎಂದು ಅವಳು ಮೆಟ್ಟಿಲ ಮೇಲೆ ಕೂತಳು. ಡಾಕ್ಟರ್ ನಸಿಮಿಯು ಓಡಿ ಬಂದು ಬೇಸನ್ನನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು.

ಪರಿಚಯ ಮಾಡಬೇಕಾದವರು ಪ್ರೊಫೆಸರ್ ಚಿಲೆಂಗಾ. ಎಂಬತ್ತು ಜನ ಕೂತಿದ್ದರು. ಪುಸ್ತಿಕೆ ಓದದೆ ಪ್ರೊಫೆಸರರ ಕಥೆ ಮಾತ್ರ ಕೇಳಿ, ಎತ್ತರದ, ತೆಳ್ಳಗಿನ, ದಪ್ಪ ಕನ್ನಡಕದ ಮನುಷ್ಯನಿಗಾಗಿ ಬಾಗಿಲ ಕಡೆ ನೋಡುತ್ತಿದ್ದವರೂ ಇದ್ದರು. ಪ್ರೊಫೆಸರ್ ಎದ್ದು ನಿಂತು, ಮೂರು ಸಲ ಕೆಮ್ಮಿ, “ಜಲಾಸಿ ನನ್ನ ಗೆಳೆಯ ಅಂತ ನಾನು ಹಲವರ ಹತ್ತಿರ ಹೇಳಿದ್ದೆ. ಅದು ಸರಿಯಲ್ಲ. ಇವರು ನನಗೆ ಪಾಠ ಹೇಳಿದವರು. ನಾನು ಆವತ್ತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವರ ಒಂಬತ್ತನೇ ಪುಟದಲ್ಲಿರೋದು ನಾನೇ,” ಎಂದರು.

ಹನ್ನೊಂದು ಊರಿನವರು ಆ ಪುಟ ಓದಿದ್ದರಲ್ಲ, ಕಿಗೋಮಾದವನೊಬ್ಬ ಮೊದಲು ನಕ್ಕ. ಆಮೇಲೆ ಇಡೀ ಸಭೆ ನಕ್ಕಿತು. ಪ್ರೊಫೆಸರರೂ ನಕ್ಕರು, ಮೊದಲು ತುಟಿಯಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಹಿಂದಿನ ಸಾಲಿನಲ್ಲಿದ್ದ ಫಾಲೆಸಿಗೆ ಮಾತ್ರ ಯಾಕೋ ಕಣ್ಣು ಒದ್ದೆಯಾಯಿತು. ಈ ಮನುಷ್ಯನಿಂದ ಇಷ್ಟನ್ನು ಅವಳು ನಿರೀಕ್ಷಿಸಿರಲಿಲ್ಲ.

ಮುದುಕಿ ಮಾತಾಡಿದಳು, ಪ್ರೊಫೆಸರ್ ಇಂಗ್ಲಿಷಿಗೆ ಹೇಳಿದರು. ಎರಡು ನಿಮಿಷದಲ್ಲೇ ಅವಳು ತಡೆದಳು. “ನಾನು ಇಷ್ಟುದ್ದ ಹೇಳಿದೆ, ನೀನು ಇಷ್ಟೇ ಹೇಳಿದೆ. ಮಿಕ್ಕದ್ದು ಎಲ್ಲಿಗೆ ಹೋಯ್ತು? ಚಿಕ್ಕಮ್ಮನ ಹೆಸರು ಬಿಟ್ಟೆ. ಹೇಳು.” ಪ್ರೊಫೆಸರ್ ಹೇಳಿದರು. ಆಮೇಲೆ ಅವಳು ಬೇಸನ್ನನ್ನು ಮುಂದೆ ತಳ್ಳಿ ವಿದ್ವಾಂಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೀನಿನ ಹೊಟ್ಟೆ ಒತ್ತಿಸಿದಳು. ಟೈ ಕಟ್ಟಿದವರ ಬೆರಳೆಲ್ಲ ಮೀನು ನಾರಿತು. ಪ್ರಶ್ನೆಗಳು ಊಟದ ಹೊತ್ತು ಮೀರಿ ನಡೆದವು.

ಎರಡು ತಿಂಗಳ ಮೇಲೆ ಪ್ರೊಫೆಸರ್ ಹೊಸದೊಂದು ಪ್ರಬಂಧದ ಕರಡು ಹಿಡಿದು ಫಾಲೆಸಿಯ ಮೇಜಿಗೆ ಬಂದರು. ವಿಷಯ ಹುಣ್ಣಿಮೆ ಮತ್ತು ಉಸಿಪಾ. ಲೇಖಕರು ಇಬ್ಬರು.

“ಹೆಸರುಗಳನ್ನ ಅಕಾರಾದಿಯಲ್ಲಿ ಹಾಕಿದ್ರೆ ಯಾರಿಗೂ ಬೇಜಾರಾಗಲ್ಲ, ಅಲ್ವಾ ಮಾಯಿ? ಇಂಗ್ಲಿಷಿನ ಕ್ರಮದಲ್ಲಿ.”

ಫಾಲೆಸಿ ಕನ್ನಡಕ ಸರಿಮಾಡಿಕೊಂಡಳು. ಇಂಗ್ಲಿಷಿನ ಕ್ರಮದಲ್ಲಿ ಚಿಲೆಂಗಾ ಮೂರನೇ ಅಕ್ಷರ, ಜಲಾಸಿ ಹತ್ತನೆಯದು. “ಈ ಜರ್ನಲ್ಲಿನವರು ಕೆಲಸ ಯಾರು ಹೆಚ್ಚು ಮಾಡಿದ್ರೋ ಅವರ ಹೆಸರು ಮೊದಲು ಅಂತಾರೆ.”

“ಆದ್ರೂ ಒಂದ್ಸಲ ಅವರನ್ನೇ ಕೇಳಿನೋಡಿ.”

ಕೇಳಿದಳು. ಮುದುಕಿ ತಟ್ಟಿಯಿಂದ ತಲೆಯೆತ್ತದೆ, “ಅವನ ಹೆಸರು ಮೊದಲು ಬೇಕಾದ್ರೆ ಹಾಕ್ಕೊಳ್ಳಲಿ. ಆದ್ರೆ ಮೊದಲು ಇರೋನು ಮೊದಲು ಬರಬೇಕು. ಮಂಗಳವಾರ ಸೂರ್ಯ ಹುಟ್ಟೋ ಹೊತ್ತಿಗೆ ದೋಣಿ ಬರುತ್ತೆ. ಬಂದು ಮೀನು ಬೇರೆ ಮಾಡಲಿ, ಎಷ್ಟು ಸರಿ ಮಾಡ್ತಾನೋ ನೋಡೋಣ,” ಎಂದಳು.

ಮಂಗಳವಾರ ಪ್ರೊಫೆಸರ್ ಹೋದರು. ಪ್ಯಾಂಟು ಮೊಣಕಾಲಿಗೆ ಮಡಚಿ, ಮುದುಕಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಲವತ್ತು ಮೀನು ಒತ್ತಿದರು. ಹೊಟ್ಟೆ ಕೊಯ್ದು ನೋಡಿದಾಗ ಹದಿನೇಳು ತಪ್ಪಿದ್ದರು. ಮುದುಕಿ ಒಂದೂ ತಪ್ಪಲಿಲ್ಲ. ಆ ಲೆಕ್ಕ ಪ್ರಬಂಧದ ಎರಡನೇ ಕೋಷ್ಟಕದಲ್ಲಿ ಹಾಗೇ ಅಚ್ಚಾಗಿದೆ: ಲೇಖಕರು, ಒತ್ತಿದ ಮೀನು, ತಪ್ಪಿದ ಮೀನು. ಮೊದಲ ಸಾಲಿನಲ್ಲಿ ಜಲಾಸಿ. ಎರಡನೇ ಸಾಲಿನಲ್ಲಿ ಚಿಲೆಂಗಾ.